ಸ್ಲೇಟಿನ ಹಿಂದಿನ ಮುಖ

ತಟ್ಟೆಯಲ್ಲಿ ಮೊದಲು ಮೂಡುವುದು ಒಂದು ಕಪ್ಪು ಚೌಕ. ಅದು ಸ್ಲೇಟು. ಕೆಂಪು ಬಲ್ಬಿನ ಮಬ್ಬಿನಲ್ಲಿ ಮುದುಕರು ತಟ್ಟೆಯ ಅಂಚನ್ನು ಮೆಲ್ಲಗೆ ಎತ್ತಿ ಇಳಿಸುತ್ತಾರೆ. ಔಷಧಿಯ ನೀರು ಕಾಗದದ ಮೇಲೆ ಆಚೆಯಿಂದ ಈಚೆಗೆ ಹರಿದಾಡುತ್ತದೆ. ಸ್ಲೇಟಿನ ಎರಡೂ ಅಂಚಿಗೆ ಬೆರಳುಗಳು ಕಾಣಿಸಿಕೊಳ್ಳುತ್ತವೆ. ಆಮೇಲೆ ಸೀಮೆಸುಣ್ಣದಲ್ಲಿ ಬರೆದ ತಾರೀಖು, ಹಿಂದೆ ಗೂಡ್ಸ್ ವ್ಯಾಗನ್ನಿನ ಹಲಗೆ, ಕೆಳಗೆ ಕಬ್ಬಿಣದ ಗಾಲಿ. ಎಲ್ಲ ಬರುತ್ತದೆ. ಬೆರಳುಗಳ ಯಜಮಾನ ಮಾತ್ರ ಬರುವುದಿಲ್ಲ.

"ರೀ, ಬೆಳಗಾಗೋಕೆ ಮುಂಚೆ ಒಳಗೆ ಸೇರ್ಕೊಂಡ್ರೆ ಮುಗೀತಲ್ಲ! ನಾನು ಮುಖ ತೊಳೆಯೋದೆಲ್ಲಿ, ಬೀದೀಲಾ?" ಹೊರಗಿನಿಂದ ಹೆಂಡತಿ ಬಾಗಿಲು ಬಡಿಯುತ್ತಾರೆ.

"ಈಗ ತೆಗೆದ್ರೆ ಬೆಳಕು ಬಿದ್ದು ಎಲ್ಲಾ ಹಾಳಾಗುತ್ತೆ ಕಣೇ. ಒಂಚೂರು ತಡಿ."

ಈ ಒಂಚೂರು ಎಂದರೆ ಎಷ್ಟೆಂದು ಆಕೆಗೆ ಮದುವೆಯಾದಾಗಿನಿಂದ ಗೊತ್ತು. ಗೊಣಗಿಕೊಂಡು ಅಡುಗೆಮನೆಯ ನಲ್ಲಿಯತ್ತ ನಡೆಯುತ್ತಾರೆ. ಈ ಮನೆಯ ಬಚ್ಚಲು ಬೆಳಗಿನ ಜಾವ ಬಚ್ಚಲಲ್ಲ, ಡಾರ್ಕ್‌ರೂಮು. ಕಿಟಕಿಗೆ ತಗಡು ಬಡಿದಿದೆ. ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೂರು ತಟ್ಟೆ, ಮೇಲಿನ ದಾರಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟ ಒದ್ದೆ ಕಾಗದಗಳು. ಒಂದೊಂದು ಕಾಗದದಲ್ಲೂ ಒಂದು ಸ್ಲೇಟು, ಒಂದು ಜೊತೆ ಕೈ. ಗೊತ್ತಿಲ್ಲದವರು ಒಳಗೆ ಬಂದರೆ ಎದೆ ಧಸಕ್ಕೆನ್ನುತ್ತದೆ. ಇಷ್ಟೊಂದು ಜನ ಗೋಡೆಯ ಆಚೆ ನಿಂತು ಅಂಚು ಹಿಡಿದುಕೊಂಡು ಇಣುಕಲು ಕಾಯುತ್ತಿರುವ ಹಾಗಿದೆ.

ಎಂಬತ್ತರ ಹೊಸ್ತಿಲಲ್ಲಿರುವ ಈ ಹಿರಿಯರನ್ನು ಸುತ್ತಲಿನವರು ಕರೆಯುವುದು ಕಪ್ಪುಬಟ್ಟೆ ಅಂತ. ಪೆಟ್ಟಿಗೆ ಕ್ಯಾಮೆರಾದ ಹಿಂದೆ ಕಪ್ಪುಬಟ್ಟೆ ಹೊದ್ದು ಬಗ್ಗಿ ನಿಲ್ಲುತ್ತಿದ್ದ ಕಾಲದಲ್ಲಿ ಯಾರ್ಡಿನ ಕೂಲಿಗಳು ಇಟ್ಟ ಹೆಸರದು. ರೈಲಿನ ಯಾರ್ಡಿಗೆ ಫೋಟೋಗ್ರಾಫರ್ ಒಬ್ಬ ಇರುತ್ತಿದ್ದ ಎಂಬುದೇ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಗೂಡ್ಸ್ ಬಂದು ನಿಂತ ಕೂಡಲೇ ಯಾವ ವ್ಯಾಗನ್ನಿನ ಬಾಗಿಲು ಮುರಿದಿದೆ, ಯಾವುದರ ಹಲಗೆ ಒಡೆದಿದೆ ಎಂದು ನೋಡಿ ಫೋಟೋ ತೆಗೆಯಬೇಕು. ನಾಳೆ ಜಗಳ ಬಂದರೆ ಮುರಿದದ್ದು ಇಲ್ಲಿ ಅಲ್ಲ, ದಾರಿಯಲ್ಲಿ ಎನ್ನಲು ಆಫೀಸಿಗೆ ಸಾಕ್ಷಿ ಬೇಕು. ಪ್ಯಾಸೆಂಜರ್ ಗಾಡಿಯ ಬೋಗಿಗಳನ್ನು ತೊಳೆದು ಬಣ್ಣ ಬಳಿದು ಕಳಿಸುವ ಮುಂಚೆಯೂ ಒಂದು ಫೋಟೋ.

"ಮದುವೆ ಮನೇಲಿ ಫೋಟೋಗ್ರಾಫರ್ ಬಂದ ಅಂದ್ರೆ ಎಲ್ರೂ ತಲೆ ಬಾಚ್ಕೋತಾರೆ. ನಾನು ಬಂದ್ರೆ ಎಲ್ರೂ ಪಕ್ಕಕ್ಕೆ ಓಡೋರು," ಎಂದು ಅವರು ನಗುತ್ತಾರೆ.

ಓಡಲು ಕಾರಣವಿತ್ತು. ಆಫೀಸಿನ ಫೋಟೋದಲ್ಲಿ ಮನುಷ್ಯನ ಮುಖ ಇರಕೂಡದು. ಮುಖ ಕಂಡರೆ ಇವನ್ಯಾರು, ಇಲ್ಲೇಕೆ ನಿಂತಿದ್ದ, ಬಾಗಿಲು ಮುರಿದವನು ಇವನೇ ಏಕಾಗಿರಬಾರದು ಎಂದು ನೂರೆಂಟು ತಕರಾರು. ಆದರೆ ವ್ಯಾಗನ್ನಿನ ನಂಬರು, ತಾರೀಖು ಬರೆದ ಸ್ಲೇಟನ್ನು ಯಾರಾದರೂ ಹಿಡಿಯಲೇಬೇಕಲ್ಲ! ಅದಕ್ಕೇ ಸಣ್ಣ ಕಿಟಕಿಯಷ್ಟು ದೊಡ್ಡ ಸ್ಲೇಟು. ಅದರ ಹಿಂದೆ ಒಬ್ಬ ಕುಕ್ಕರಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು, ಅಂಚನ್ನು ಹಿಡಿದುಕೊಳ್ಳುತ್ತಿದ್ದ. ಹೀಗೆ ಈ ಯಾರ್ಡಿನ ಅದೆಷ್ಟೋ ಕೆಲಸಗಾರರ ಬದುಕಿನ ಒಂದೇ ಒಂದು ಫೋಟೋ ಎಂದರೆ ಹತ್ತು ಬೆರಳು.

ಯಾರ್ಡು ಮುಚ್ಚಿ ಬಹಳ ವರ್ಷವಾಯಿತು. ಆಫೀಸಿನವರು ನೆಗೆಟಿವ್‌ಗಳನ್ನು ಗೋಣಿಯಲ್ಲಿ ತುಂಬಿ ಕಸಕ್ಕೆ ಎಸೆದಾಗ ಕಪ್ಪುಬಟ್ಟೆ ಹೊತ್ತು ತಂದು ಮನೆಯ ಟ್ರಂಕುಗಳಿಗೆ ತುಂಬಿದರು. ಈಗ ದಿನಾ ಬೆಳಗಿನ ಜಾವ ಎರಡು ಮೂರು ಫೋಟೋ ಪ್ರಿಂಟ್ ಹಾಕುತ್ತಾರೆ. ಅಷ್ಟಕ್ಕಿಂತ ಹೆಚ್ಚಾದರೆ ಹೆಂಡತಿ ಬಚ್ಚಲಿನ ನೀರು ನಿಲ್ಲಿಸುತ್ತಾರೆ. ಯಾರ್ಡಿನಲ್ಲಿ ದುಡಿದವರ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಕೇಳಿಕೊಂಡು ಬರುತ್ತಾರೆ. ಜಗಲಿಯಲ್ಲಿ ಕೂತು ಒಂದೊಂದೇ ಫೋಟೋ ತಿರುವುತ್ತಾ ಬೆರಳು ನೋಡಿ ಗುರುತು ಹಿಡಿಯುತ್ತಾರೆ. ಒಬ್ಬ ಸೊಸೆಯಂತೂ ಮಾವನ ಉಂಗುರ ಕಂಡು ಹಣೆ ಚಚ್ಚಿಕೊಂಡಳಂತೆ: "ಈ ಉಂಗುರ ನೀನೇ ಕಳೆದೆ ಅಂತ ಸಾಯೋವರೆಗೂ ಅತ್ತೇನ ಹುರಿದು ಮುಕ್ಕಿದ್ರಲ್ಲಪ್ಪಾ! ಇಲ್ನೋಡಿದ್ರೆ ಕಳೆದ್ಮೇಲಿನ ತಾರೀಖಲ್ಲೇ ಹಾಕ್ಕೊಂಡು ಕೂತಿದಾರೆ!"

ಬಂದವರಿಗೆಲ್ಲ ಬೆರಳು ಸಿಕ್ಕಿದರೆ ಸಾಕು. ಅದೇ ಸಮಾಧಾನ. ಬೆರಳು ಬೇಡ ಎಂದವರು ಇದುವರೆಗೆ ಒಬ್ಬರೇ.

ಹೋದ ತಿಂಗಳು ಬಂದ ಆ ಹೆಣ್ಣುಮಗಳು ಟೈಲರ್. ನಲವತ್ತು ದಾಟಿದೆ, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಯಾರ ಮಗಳು ಎಂದು ಕೇಳಿದ್ದಕ್ಕೆ, "ಸ್ಲೇಟಣ್ಣ ಅಂತಿದ್ರಂತೆ ಸಾರ್ ನಮ್ಮಪ್ಪನ್ನ," ಎಂದಳು. ಅಡುಗೆಮನೆಯಲ್ಲಿ ಲೋಟವೊಂದು ಕೆಳಗೆ ಬಿದ್ದ ಸದ್ದಾಯಿತು. ಕಪ್ಪುಬಟ್ಟೆ ಎದ್ದು ಹೋಗಿ ಕೈಗಳ ಫೋಟೋ ಇದ್ದ ಒಂದು ಕಟ್ಟು ತಂದು ಮುಂದಿಟ್ಟರು. ಆಕೆ ಎಲ್ಲವನ್ನೂ ನೋಡಿದಳು. ಎಡಗೈಯ ಕಿರುಬೆರಳು ಅರ್ಧಕ್ಕೇ ತುಂಡಾಗಿತ್ತು, ಗುರುತು ತಪ್ಪುವ ಹಾಗೇ ಇರಲಿಲ್ಲ.

"ಈ ಬೆರಳಿನ ಕತೆ ಅಮ್ಮ ಹೇಳಿ ಹೇಳಿ ನನಗೆ ಬಾಯಿಪಾಠ ಸಾರ್," ಎಂದಳು. "ನಾನು ಅಮ್ಮನ ಹೊಟ್ಟೇಲಿದ್ದಾಗ ಅಪ್ಪ ಹೋದ್ರು. ಮುಖ ಹೇಗಿತ್ತು ಅಂತ ಕೇಳಿದ್ರೆ ಅಮ್ಮ ದಿನಕ್ಕೊಂದು ಥರ ಹೇಳೋಳು. ಕೊನೆಕೊನೆಗೆ ಅವಳಿಗೇ ಮರೆತುಹೋಗಿತ್ತು. ಮುಖ ಇರೋದು ಒಂದಾದ್ರೂ ಇಲ್ವಾ?"

ಇಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಕಪ್ಪುಬಟ್ಟೆಯ ಬಾಯಲ್ಲಿ ಸುಳ್ಳು ಹೊರಡಲಿಲ್ಲ. "ನೋಡ್ತೀನಮ್ಮ," ಎಂದರು. ಇಂದು ಬೆಳಿಗ್ಗೆ ಬರುತ್ತೇನೆಂದು ಆಕೆ ಹೇಳಿ ಕಳಿಸಿದ್ದಾಳೆ. ಮುಖ ಇರುವ ಫೋಟೋ ಒಂದಿದೆ. ಜಗತ್ತಿನಲ್ಲಿ ಸ್ಲೇಟಣ್ಣನ ಮುಖ ಉಳಿದಿರುವುದು ಆ ಒಂದು ನೆಗೆಟಿವ್‌ನಲ್ಲಿ ಮಾತ್ರ. ಅದನ್ನು ಮಗಳ ಕೈಗೆ ಕೊಡಬೇಕೋ ಬೇಡವೋ ಎಂದು ತಿಂಗಳಿಡೀ ಅವರಿಗೆ ಊಟ ರುಚಿಸಿಲ್ಲ.

ಸ್ಲೇಟಣ್ಣ ಶಂಟಿಂಗ್ ಕೆಲಸದವ. ವ್ಯಾಗನ್ನುಗಳ ಕೊಂಡಿ ಬಿಡಿಸುವುದು, ಹಾಕುವುದು. ಕೊಂಡಿಯ ನಡುವೆ ಸಿಕ್ಕಿಯೇ ಆ ಕಿರುಬೆರಳು ಹೋದದ್ದು. ಸ್ಲೇಟನ್ನು ಅವನಷ್ಟು ನೆಟ್ಟಗೆ ಹಿಡಿಯುವವನು ಇನ್ನೊಬ್ಬನಿರಲಿಲ್ಲ. ಬೇರೆಯವರು ಹಿಡಿದರೆ ಮನೆಗೆ ಹೋಗಿ ಹೆಂಡತಿಯ ಹತ್ತಿರವೂ ಗೊಣಗುತ್ತಿದ್ದ, ಯಾರ್ಡಿನಲ್ಲಂತೂ ದೂರದಿಂದಲೇ ರೇಗುತ್ತಿದ್ದನಂತೆ: "ಲೋ, ಎಡಗಡೆ ಇಳೀತು ಕಣೋ! ಏನು ಮೊರ ಹಿಡ್ಕೊಂಡಿದೀಯಾ?"

ಹೆಂಡತಿ ಬಸುರಿ ಎಂದು ತಿಳಿದ ಮೇಲೆ ಒಂದು ದಿನ ಅವನು ಹತ್ತಿರ ಬಂದು ತಲೆ ಕೆರೆದುಕೊಂಡ. "ಸಾರ್, ಇಷ್ಟು ವರ್ಷ ಬೆರಳು ತೆಗೆದ್ರಿ. ಒಂದ್ಸಲ ಮುಖ ತೆಗೀರಿ. ಹುಟ್ಟೋ ಮಗೂಗೆ ತೋರಿಸ್ಬೇಕು."

ಆಫೀಸಿನ ಫಿಲ್ಮಿನಲ್ಲಿ ಮುಖ ತೆಗೆದರೆ ಕೆಲಸಕ್ಕೇ ಕುತ್ತು. ಆದರೂ ಒಪ್ಪಿಕೊಂಡರು. ಬಣ್ಣ ಬಳಿದು ನಿಲ್ಲಿಸಿದ್ದ ಪ್ಯಾಸೆಂಜರ್ ಬೋಗಿಯ ಮುಂದೆ ಒಂದು ಬೆಳಿಗ್ಗೆ ಅವನನ್ನು ನಿಲ್ಲಿಸಿದರು. ಬೋಗಿಗೆ ಸ್ಲೇಟು ಬೇಕಿಲ್ಲ, ಕೈ ಎಲ್ಲಿಡುವುದೆಂದೇ ಅವನಿಗೆ ತಿಳಿಯದು. ಕಿಟಕಿಗಳಲ್ಲಿ ಆಗಲೇ ಹತ್ತಿ ಕೂತ ನಾಲ್ಕಾರು ಪ್ರಯಾಣಿಕರು ಇಣುಕುತ್ತಿದ್ದರು. "ಮುಖ ಚೆನ್ನಾಗಿ ಬರುತ್ತಾ ಸಾರ್?" ಎಂದು ಕೇಳಿದ.

"ನೀನು ಅಲ್ಲಾಡದೆ ನಿಂತ್ರೆ ಬರುತ್ತೆ ಕಣಯ್ಯಾ. ನನ್ನೇ ನೋಡು."

"ನೋಡಿದ," ಎನ್ನುತ್ತಾರೆ ಕಪ್ಪುಬಟ್ಟೆ. "ಆ ಕ್ಯಾಮೆರಾದ ಗಾಜಿನಲ್ಲಿ ಎಲ್ಲಾ ತಲೆಕೆಳಗಾಗಿ ಕಾಣೋದು. ರೈಲು ಮೇಲೆ, ಆಕಾಶ ಕೆಳಗೆ. ಅವನೂ ತಲೆಕೆಳಗಾಗಿ ನಿಂತು ನೇರ ನನ್ನ ಕಣ್ಣಿಗೇ ನೋಡ್ತಿದ್ದ. ಇವತ್ತಿಗೂ ಕಣ್ಣು ಮುಚ್ಚಿದ್ರೆ ಹಾಗೇ ಕಾಣ್ತಾನೆ."

ಆ ಫೋಟೋ ಬರಲಿಲ್ಲ. ತೊಳೆಯುವಾಗ ಹುಡುಕಿದರೆ ಆ ಫಿಲ್ಮೇ ಇಲ್ಲ! ಇನ್ನೊಮ್ಮೆ ತೆಗೆಯೋಣ ಎಂದರು. ಸ್ಲೇಟಣ್ಣ ನಕ್ಕ. "ಬಿಡಿ ಸಾರ್, ನಿಮ್ಮ ಪೆಟ್ಟಿಗೆಗೂ ರೂಲ್ಸು ಗೊತ್ತು."

ಆ ಇನ್ನೊಮ್ಮೆ ಬರುವ ಮೊದಲು ಮಂಜಿನ ದಿನಗಳು ಬಂದವು. ಯಾರ್ಡಿನಲ್ಲಿ ಹೆದರಬೇಕಾದದ್ದು ಎಂಜಿನ್ನಿಗಲ್ಲ, ಅದು ಬೊಬ್ಬೆ ಹಾಕುತ್ತಾ ಬರುತ್ತದೆ. ಎಂಜಿನ್ ತಳ್ಳಿ ಬಿಟ್ಟ ಒಂಟಿ ವ್ಯಾಗನ್ ಇದೆಯಲ್ಲ, ಅದು ತಾನಾಗೇ ಉರುಳಿಕೊಂಡು ಬರುತ್ತದೆ. ಸದ್ದಿಲ್ಲ, ದೀಪವಿಲ್ಲ, ಒಳಗೆ ಮನುಷ್ಯರಿಲ್ಲ. ಮಂಜಿನಲ್ಲಿ ಬೆನ್ನ ಹಿಂದೆ ಗಾಳಿ ತಣ್ಣಗಾದ ಹಾಗೆ ಅನಿಸುತ್ತದಂತೆ, ಅಷ್ಟೇ. ಸ್ಲೇಟಣ್ಣನಿಗೆ ಅಷ್ಟಾದರೂ ಅನಿಸಿತೋ ಇಲ್ಲವೋ.

ಮಾರನೆಯ ದಿನ ಆ ವ್ಯಾಗನ್ನಿನ ಫೋಟೋ ತೆಗೆಯಬೇಕೆಂದು ಆಫೀಸಿನಿಂದ ಅಪ್ಪಣೆಯಾಯಿತು. ಅದೂ ಕೆಲಸವೇ. ಸ್ಲೇಟು ಹಿಡಿಯಲು ಬಂದವನು ಹೊಸಬ, ಗಡಗಡ ನಡುಗುತ್ತಿದ್ದ. ಕಪ್ಪುಬಟ್ಟೆ ಬಟ್ಟೆ ಹೊದ್ದು, ಅತ್ತು, ಕಣ್ಣೊರೆಸಿಕೊಂಡು ಫೋಟೋ ತೆಗೆದರು. ಸಂಜೆ ಆಫೀಸಿನ ಡಾರ್ಕ್‌ರೂಮಿನಲ್ಲಿ ಫಿಲ್ಮ್ ತೊಳೆದು ಕಾಗದಕ್ಕೆ ಇಳಿಸಿದರು. ತಟ್ಟೆಯಲ್ಲಿ ಸ್ಲೇಟು ಬಂತು, ಬೆರಳು ಬಂತು, ಸತ್ತ ಮರುದಿನದ ತಾರೀಖು ಬಂತು. ವ್ಯಾಗನ್ನಿನ ಹಲಗೆಗಳೂ ಬಂದವು.

ಆಮೇಲೆ ಹಲಗೆಗಳಲ್ಲಿ ಕಿಟಕಿಗಳು ಮೂಡತೊಡಗಿದವು.

ಗೂಡ್ಸ್ ವ್ಯಾಗನ್ನಿಗೆಲ್ಲಿಯ ಕಿಟಕಿ? ಸಾಲಾಗಿ ಕಿಟಕಿ, ಕಿಟಕಿಗಳಲ್ಲಿ ಹೊಗೆಯಂಥ ಮುಖಗಳು, ಎಲ್ಲರೂ ಹೊರಗೆ ನೋಡುತ್ತಿದ್ದಾರೆ. ಅವರ ಮುಂದೆ, ಸ್ಲೇಟಿನಿಂದ ಎರಡು ಮಾರು ದೂರದಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದೆ ಸ್ಲೇಟಣ್ಣ ನಿಂತಿದ್ದಾನೆ. ಅವನ ಎದೆಯೊಳಗಿಂದ ವ್ಯಾಗನ್ನಿನ ಹಲಗೆಗಳು ಕಾಣುತ್ತಿವೆ. ಅವನನ್ನು ಕೊಂದ ವ್ಯಾಗನ್ನು!

"ನಾನು ಕೂಗಿದ್ನಂತೆ. ನನಗೆ ನೆನಪಿಲ್ಲ," ಎನ್ನುತ್ತಾರೆ ಕಪ್ಪುಬಟ್ಟೆ. "ಬಾಗಿಲು ತೆಗೆದು ಓಡಿದ್ದು ಮಾತ್ರ ಗೊತ್ತು."

ಯಾರ್ಡ್ ಮಾಸ್ತರರು ಒಮ್ಮೆ ನೋಡಿ ಫೋಟೋವನ್ನು ಬೋರಲು ಹಾಕಿದರು. ಸುಟ್ಟುಬಿಡು, ಯಾರಿಗೂ ಹೇಳಬೇಡ ಎಂದರು. ಹಾಗೆಂದರೆ ಎಲ್ಲರಿಗೂ ಗೊತ್ತಾಯಿತು ಅಂತಲೇ. ಆ ವ್ಯಾಗನ್ ನಿಂತ ಹಳಿಯ ಕಡೆ ಒಬ್ಬನೂ ಒಂಟಿಯಾಗಿ ಹೋಗದಾದ. ಮಂಜಿನಲ್ಲಿ ಸ್ಲೇಟಿನ ಮೇಲೆ ಸೀಮೆಸುಣ್ಣ ಗೀಚುವ ಸದ್ದು ಕೇಳುತ್ತದೆ ಎಂದು ಹೊಸಬ ಆಣೆ ಮಾಡಿ ಹೇಳಿದ. ಸ್ಲೇಟಣ್ಣನ ಹೆಂಡತಿ ತವರಿಗೆ ಹೊರಟುಹೋದಳು. ಕಪ್ಪುಬಟ್ಟೆ ಕಾಗದವನ್ನು ಸುಟ್ಟರು. ನೆಗೆಟಿವ್ ಸುಡಲು ಕೈ ಬರಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಟ್ರಂಕಿನ ತಳಕ್ಕೆ ಸೇರಿಸಿದರು.

"ಆ ಟ್ರಂಕಿನ ಮೇಲೆ ನಾನು ಇವತ್ತಿನವರೆಗೂ ಕೂತಿಲ್ಲ," ಎನ್ನುತ್ತಾರೆ ಅವರ ಹೆಂಡತಿ. "ಕೂತ್ರೆ ಕೆಳಗಿಂದ ಯಾರೋ ನೋಡ್ತಿರೋ ಹಾಗಾಗುತ್ತೆ. ನಗಬೇಡಿ, ನೀವೇ ಕೂತು ನೋಡಿ."

ನಡೆದದ್ದೇನು ಎಂದು ಕಪ್ಪುಬಟ್ಟೆಗೆ ಹೊಳೆಯಲು ಬಹಳ ದಿನ ಬೇಕಾಯಿತು. ಆ ಕ್ಯಾಮೆರಾದ ಫಿಲ್ಮು ಒಂದೊಂದೇ ಹಾಳೆ. ಹಾಳೆಗೆ ಬೆಳಕು ತಾಗದಂತೆ ಮರದ ಚೌಕಟ್ಟು, ಅದಕ್ಕೊಂದು ಜಾರುವ ಮುಚ್ಚಳ. ಮುಚ್ಚಳದ ಒಂದು ಬದಿಗೆ ಬಿಳಿ ಅಂಚು, ಇನ್ನೊಂದು ಬದಿಗೆ ಕಪ್ಪು ಅಂಚು. ಬಿಳಿ ಹೊರಗಿದ್ದರೆ ಫಿಲ್ಮು ಖಾಲಿ ಎಂದರ್ಥ. ಫೋಟೋ ತೆಗೆದ ಕೂಡಲೇ ಮುಚ್ಚಳ ತಿರುಗಿಸಿ ಕಪ್ಪನ್ನು ಹೊರಗಿಡಬೇಕು. ಊಟ ಮಾಡಿ ಕೈ ತೊಳೆಯುವಷ್ಟು ರೂಢಿಯಾದ ಕೆಲಸ. ಸ್ಲೇಟಣ್ಣನ ಫೋಟೋ ತೆಗೆದ ಗಳಿಗೆಯಲ್ಲಿ ಗಾಡಿ ಸೀಟಿ ಹಾಕಿತು, ಯಾರ್ಡ್ ಮಾಸ್ತರರು ಅತ್ತ ಬರುವುದು ಕಂಡಿತು. ಕದ್ದು ತೆಗೆದ ಫೋಟೋ ಬೇರೆ! ಗಾಬರಿಯಲ್ಲಿ ಮುಚ್ಚಳವನ್ನು ತಿರುಗಿಸದೆ ಹಾಗೇ ತುರುಕಿದರು. ಬಿಳಿ ಅಂಚು ಹೊರಗೇ ಉಳಿಯಿತು. ಸ್ಲೇಟಣ್ಣನ ಮುಖ ಖಾಲಿ ಫಿಲ್ಮುಗಳ ಜೊತೆ ಚೀಲದಲ್ಲಿ ಕಾಯುತ್ತಾ ಕೂತಿತು. ಅವನು ಸತ್ತ ಮರುದಿನ, ಇದ್ದ ಅಷ್ಟೂ ಚೌಕಟ್ಟುಗಳಲ್ಲಿ ಕೈಗೆ ಸಿಕ್ಕಿದ್ದು ಅದೇ. ಒಂದೇ ಹಾಳೆಯ ಮೇಲೆ ಪ್ಯಾಸೆಂಜರೂ ಬಿತ್ತು, ಗೂಡ್ಸೂ ಬಿತ್ತು.

"ದೆವ್ವ ಅಲ್ಲ, ಅಂಚು ತಿರುಗಿಸೋದು ಮರೆತಿದ್ದು," ಎನ್ನುತ್ತಾರೆ. "ಒಂದೇ ಒಂದು ಲೆಕ್ಕ ಕೂಡ್ತಿಲ್ಲ. ನನ್ನೇ ನೋಡು ಅಂದಿದ್ದೆ, ನೋಡಿದ್ದ. ನಾನು ಕಂಡಿದೀನಿ. ಆದ್ರೆ ಈ ಫೋಟೋದಲ್ಲಿ ಅವನು ನನ್ನ ನೋಡ್ತಿಲ್ಲ. ಪಕ್ಕಕ್ಕೆ ನೋಡ್ತಿದಾನೆ. ಆ ಸ್ಲೇಟನ್ನ."

ಸೀಟಿ ಕೇಳಿ ಅತ್ತ ತಿರುಗಿರಬಹುದು. ಇರಬಹುದು. ಆದರೆ ಅವನು ನಿಂತಾಗ ಆ ಜಾಗದಲ್ಲಿ ಸ್ಲೇಟಿರಲಿಲ್ಲ, ಅದು ಅಲ್ಲಿಗೆ ಬಂದದ್ದು ಅವನು ಹೋದ ಮೇಲೆ. ತನ್ನ ಸಾವಿನ ಮರುದಿನದ ತಾರೀಖನ್ನು ಕಣ್ಣಿಟ್ಟು ಓದುತ್ತಿರುವ ಅಪ್ಪನನ್ನು ಮಗಳಿಗೆ ಹೇಗೆ ತೋರಿಸುವುದು? ಕಪ್ಪುಬಟ್ಟೆಯ ಸಂಕಟವೆಲ್ಲ ಇಷ್ಟೇ. ಸ್ಲೇಟನ್ನು ಕತ್ತರಿಸಿ ಮುಖವೊಂದನ್ನೇ ಕೊಡೋಣವೆಂದು ತಿಂಗಳಿಂದ ಒದ್ದಾಡಿದ್ದಾರೆ. ಎರಡು ಸಲ ಬೆಳಕು ಕುಡಿದ ಫಿಲ್ಮು, ಮುಖ ಮಬ್ಬಾಗಿ ಬರುತ್ತದೆ. ಮುಖವೊಂದನ್ನೇ ದೊಡ್ಡದು ಮಾಡಿದರೆ ಅದು ಮುಖವೋ ಹಲಗೆಯ ಗಂಟೋ ಗೊತ್ತಾಗುವುದಿಲ್ಲ. ಮೇಲಾಗಿ ಫಿಲ್ಮು ಹುಳಿ ವಾಸನೆ ಹಿಡಿದು ಸುರುಳಿಯಾಗುತ್ತಿದೆ, ದೀಪದ ಕಾವು ತಗುಲಿದಾಗಲೆಲ್ಲ ಅಂಚಿನಿಂದ ಪೊರೆ ಏಳುತ್ತಿದೆ. ಇನ್ನು ಒಂದೇ ಒಂದು ಪ್ರಿಂಟಿಗೆ ತಾಳಿಕೊಂಡರೆ ಹೆಚ್ಚು.

ಹೆಂಡತಿಯನ್ನು ಕೇಳಿದ್ದರು. ಆ ಫೋಟೋಗೆ ಇಷ್ಟು ವರ್ಷ ಹೆದರಿಕೊಂಡೇ ಬದುಕಿದಾಕೆ, "ಕೊಟ್ಬಿಡಿ ರೀ," ಎಂದರು. "ಹೆದರ್ಕೊಳ್ಳೋಕೆ ಅವನು ನಮಗೆ ಹೊರಗಿನವನು. ಅವಳಿಗೆ ಅಪ್ಪ."

ಕೆಂಪು ಬಲ್ಬಿನ ಕೆಳಗೆ ಕಪ್ಪುಬಟ್ಟೆ ಬಿಸ್ಕತ್ತಿನ ಡಬ್ಬಿ ತೆರೆಯುತ್ತಾರೆ. ಇಡೀ ಹಾಳೆಯನ್ನು, ಸ್ಲೇಟಿನ ಸಮೇತ, ದೊಡ್ಡ ಕಾಗದಕ್ಕೆ ಇಳಿಸುತ್ತಾರೆ. ಮುಖ ಬೀಳುವ ಜಾಗಕ್ಕೆ ಬೆಳಕು ಹೆಚ್ಚು ತಾಗದಂತೆ ತಂತಿಗೆ ಅಂಟಿಸಿದ ಬಿಲ್ಲೆಯಷ್ಟು ರಟ್ಟನ್ನು ಅಡ್ಡ ಹಿಡಿದು ಆಡಿಸುತ್ತಾರೆ. ಕಾಗದ ತಟ್ಟೆಗೆ ಜಾರುತ್ತದೆ. ಕಪ್ಪು ಚೌಕ, ಬೆರಳು, ತಾರೀಖು, ಹಲಗೆ. ಕಿಟಕಿಗಳ ಜನ. ಕೊನೆಗೆ, ಎಲ್ಲರಿಗಿಂತ ನಿಧಾನವಾಗಿ, ಅವನು.

ಹೊತ್ತೇರುವಷ್ಟರಲ್ಲಿ ಟೈಲರಮ್ಮ ಬರುತ್ತಾಳೆ. ಹೊರಗಿನ ಮಂಜು ಇನ್ನೂ ಪೂರ್ತಿ ಕರಗಿಲ್ಲ, ಜಗಲಿಯಿಂದ ನೋಡಿದರೆ ಹಳೆಯ ಹಳಿಗಳು ಸ್ವಲ್ಪ ದೂರ ಹೋಗಿ ಮಾಯವಾಗುತ್ತವೆ. ಕಪ್ಪುಬಟ್ಟೆ ಫೋಟೋವನ್ನು ಬೋರಲಾಗಿಯೇ ಮಡಿಲಲ್ಲಿಟ್ಟುಕೊಂಡು ಎಲ್ಲವನ್ನೂ ಹೇಳುತ್ತಾರೆ: ಅಂಚು ತಿರುಗಿಸದೆ ಇದ್ದದ್ದು, ಆ ವ್ಯಾಗನ್ ಯಾವುದೆಂಬುದು, ಸ್ಲೇಟು ಹಿಡಿದವನು ಹೊಸಬನೆಂಬುದು, ತಾರೀಖು ಯಾವುದೆಂಬುದು. ಒಂದನ್ನೂ ಮುಚ್ಚಿಡುವುದಿಲ್ಲ. "ಬೇಡ ಅಂದ್ರೆ ಈಗ್ಲೇ ಹೇಳಮ್ಮ. ಸುಟ್ಟುಬಿಡ್ತೀನಿ."

ಆಕೆ ಕೈ ಚಾಚುತ್ತಾಳೆ.

ತಿರುಗಿಸಿ ನೋಡುತ್ತಾಳೆ. ಬಹಳ ಹೊತ್ತು ನೋಡುತ್ತಾಳೆ. ಒಳಬಾಗಿಲಲ್ಲಿ ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾರೆ. ಟೈಲರಮ್ಮನ ಬೆರಳು ಫೋಟೋದ ಮೇಲೆ ಹೋಗುತ್ತದೆ. "ಕೋಟಿನ ಗುಂಡಿ ಒಂದು ತಪ್ಪಿ ಹಾಕ್ಕೊಂಡಿದಾರೆ," ಎನ್ನುತ್ತಾಳೆ. ತನ್ನ ಮೂಗು ಮುಟ್ಟಿಕೊಳ್ಳುತ್ತಾಳೆ. "ನನ್ನ ಮೂಗು ಇದು. ಅಮ್ಮ ಒಂದು ದಿನಾನೂ ಮೂಗಿನ ಬಗ್ಗೆ ಹೇಳ್ಲಿಲ್ವಲ್ಲ."

"ಅವನು ಆ ಕಡೆ ನೋಡ್ತಿರೋದು..." ಕಪ್ಪುಬಟ್ಟೆ ತಡವರಿಸುತ್ತಾರೆ. "ತಾರೀಖು ನೋಡ್ತಿರೋ ಹಾಗಿದೆ."

ಆಕೆ ಕಣ್ಣೊರೆಸಿಕೊಂಡು ಇನ್ನೊಮ್ಮೆ ಬಗ್ಗಿ ನೋಡುತ್ತಾಳೆ. ಅಳುತ್ತಿದ್ದವಳು ಇದ್ದಕ್ಕಿದ್ದ ಹಾಗೆ ನಗುತ್ತಾಳೆ.

"ತಾರೀಖಲ್ಲ ದೊಡ್ಡಪ್ಪ. ಆ ಹೊಸಬ ಸ್ಲೇಟು ಸೊಟ್ಟ ಹಿಡ್ದಿದಾನೆ ನೋಡಿ, ಎಡಗಡೆ ಇಳಿದಿದೆ. ಅಪ್ಪ ಬಯ್ಯೋಕೆ ಹೊರಟಿದಾರೆ."

ಕಪ್ಪುಬಟ್ಟೆ ಫೋಟೋ ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿಯುತ್ತಾರೆ. ಹೌದು, ಸ್ಲೇಟು ಇಳಿದಿದೆ. ಸ್ಲೇಟಣ್ಣನ ತುಟಿ ಅರ್ಧ ತೆರೆದಿದೆ. ಇಷ್ಟು ವರ್ಷ ಹೆದರಿಕೊಂಡು ನೋಡಿದವರಿಗೆ ಆ ತುಟಿ ಕಂಡಿರಲೇ ಇಲ್ಲ. ಮುದುಕರು ಗೋಡೆಗೆ ಒರಗಿ, ಮೈ ಕುಲುಕಿ, ಕಣ್ಣಲ್ಲಿ ನೀರು ಬರುವವರೆಗೂ ನಗುತ್ತಾರೆ.

ಆಕೆ ಫೋಟೋವನ್ನು ಸೀರೆಯ ಸೆರಗಿನಲ್ಲಿ ಸುತ್ತಿ, ಎದೆಗವಚಿಕೊಂಡು ಮಂಜಿನೊಳಗೆ ನಡೆಯುತ್ತಾಳೆ. ಸ್ಲೇಟಿನ ಭಾಗ ಕತ್ತರಿಸಿಕೊಡಲೇ ಎಂದು ಕೇಳಿದ್ದಕ್ಕೆ, ಬೇಡವೇ ಬೇಡ ಎಂದಿದ್ದಾಳೆ. ಮನೆಯಾಕೆ ಟ್ರಂಕಿನ ಹತ್ತಿರ ಹೋಗಿ ಒಂದು ಗಳಿಗೆ ನಿಂತು, ಆಮೇಲೆ ಅದರ ತುದಿಯಲ್ಲಿ ಹುಷಾರಾಗಿ ಕೂರುತ್ತಾರೆ.

ಕಪ್ಪುಬಟ್ಟೆಗೆ ಇನ್ನೇನು ಆಸೆ ಎಂದು ಕೇಳಿದರೆ, ಕಣ್ಣು ಕಾಣುವಷ್ಟು ದಿನ ಟ್ರಂಕಿನಲ್ಲಿರುವ ಬೆರಳುಗಳನ್ನೆಲ್ಲ ಅವರವರ ಮನೆಗೆ ಮುಟ್ಟಿಸಬೇಕು ಎನ್ನುತ್ತಾರೆ. ಹೆಂಡತಿಗಾಗಿ ಬಚ್ಚಲು ಖಾಲಿ ಮಾಡಲು ಒಳಗೆ ಹೋಗುತ್ತಾರೆ. ತಟ್ಟೆ ತೊಳೆಯುವ ಸದ್ದು ಕೇಳುತ್ತದೆ. ತಗಡು ಬಡಿದ ಆ ಕತ್ತಲೆಯಲ್ಲಿ, ತಿಂಗಳ ಒದ್ದಾಟದಲ್ಲಿ ಉಳಿದು ಮೂಲೆಯ ದಾರಕ್ಕೆ ನೇತುಬಿದ್ದ, ಸ್ಲೇಟಣ್ಣನ ಅರ್ಧ ಮುಖದ ಕಾಗದವೊಂದರ ಮುಂದೆ ನೀರಿನ ಸದ್ದು ನಿಲ್ಲುತ್ತದೆ.

"ಯಾರ ಹತ್ರ ರೀ ಮಾತು?" ಎಂದು ಮನೆಯಾಕೆ ಟ್ರಂಕಿನ ಮೇಲಿಂದಲೇ ಕೂಗುತ್ತಾರೆ.

ಒಳಗಿನ ಮಾತು ಅವರಿಗಲ್ಲ.

"ಬಂದಿದೆ ಕಣಯ್ಯಾ. ಮುಖ ಚೆನ್ನಾಗೇ ಬಂದಿದೆ."